ಅಳಿಯಂದಿರಿಗೆ ಹಿಡಿದ ಕೋಣೆ

ಟ್ರಾವ್ನಿಕ್, ಜೂನ್ ೯

ಮಗಳು ಮೆವ್ಲಿದಾಳಿಗೆ,

ನೀನು ಕೇಳಿದಂತೆ ಹಲಾಲ್ ಪ್ರಮಾಣಪತ್ರವಿರುವ ಹೋಟೆಲಿನಲ್ಲೇ ನಿಮ್ಮಿಬ್ಬರಿಗೂ ಆರು ದಿನಕ್ಕೆ ಕೋಣೆ ಹಿಡಿದಿದ್ದೇನೆ. ಕಿಟಕಿಯಿಂದ ಕೋಟೆ ಕಾಣುತ್ತದೆ. ಆರಾಮಾಗಿ ಇದ್ದು ಹೋಗಿ.

ನಮ್ಮ ಮನೆಯ ಊಟ ಹಲಾಲೋ ಅಲ್ಲವೋ ಎಂದು ಅಳಿಯಂದಿರಿಗೆ ಅನುಮಾನವೆಂದು ಬರೆದಿದ್ದೀಯ. ಇರಲಿ. ಆ ಹೋಟೆಲ್ ನಡೆಸುವ ಎನೆಸ್ ಮಾತ್ರ ನಕ್ಕುಬಿಟ್ಟ. "ಜುಲ್ಫೋ ಅಣ್ಣ, ನಮಗೆ ಮಾಂಸ ಬರೋದೇ ನಿಮ್ಮ ಅಂಗಡಿಯಿಂದ. ಇಲ್ಲಿ ತಿಂದ್ರೂ ನೀವು ಕುಯ್ದಿದ್ದೇ ತಾನೇ?" ಅಂದ. ಇದನ್ನು ಅಳಿಯಂದಿರಿಗೆ ಹೇಳಬೇಡ. ಅಲ್ಲೂ ಊಟ ಬಿಟ್ಟಾರು.

ಹೋಟೆಲಿನ ವಿಷಯ ನಿನ್ನ ಅಮ್ಮನಿಗೆ ನಾನಿನ್ನೂ ತಿಳಿಸಿಲ್ಲ. ಬೆಳಿಗ್ಗೆ ನಿಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಆಗಿನಿಂದ "ಅಳಿಯಂದ್ರಿಗೆ ದಿಂಬು ಎತ್ತರ ಇರ್ಬೇಕಾ, ತಗ್ಗಿರ್ಬೇಕಾ? ಮಗಳನ್ನ ಕೇಳಿ" ಅನ್ನುತ್ತಿದ್ದಾಳೆ. ಅವಳಿಗೆ ಏನು ಹೇಳಲಿ, ನೀನೇ ಬರೆ.

ನಿನ್ನ ಅಪ್ಪ,
ಜುಲ್ಫೋ