ಅಪ್ಪ ಹಿಡಿದ ಹಗುರ ರಿವಾಲ್ವರ್

ಫ್ರೀಮಾಂಟ್
ಏಪ್ರಿಲ್ ೧೪, ಭಾನುವಾರ

ಮುದ್ದಿನ ಶಿವಾನಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ ಪುಟ್ಟಾ? ಓಡಿ ಓಡಿ ಊದಿಕೊಂಡಿದ್ದ ಮೊಣಕಾಲಿನ ಬಾವು ಇಳಿಯಿತಾ? ಬೆಳಿಗ್ಗೆ ಅಲ್ಲಿ ಬರೀ ಮೊಟ್ಟೆ, ಬ್ರೆಡ್ಡು ಎಂದು ನೀನು ಹೇಳಿದಾಗಿನಿಂದ ಇಲ್ಲಿ ನನಗೆ ದೋಸೆ ಗಂಟಲಲ್ಲಿ ಇಳಿಯುವುದಿಲ್ಲ. ಪೊಲೀಸ್ ಅಕಾಡೆಮಿಯಲ್ಲಿ ವಾರವೆಲ್ಲ ಫೋನು ಕೊಡುವುದಿಲ್ಲ, ಕೊಟ್ಟಾಗಲೂ ನಿನ್ನ ಮಾತೆಲ್ಲ ಗಡಿಬಿಡಿಯದು. ಅದಕ್ಕೇ ಈ ಕಾಗದ. ಕನ್ನಡ ಕ್ಲಾಸಿನಲ್ಲಿ ಕಲಿತ ಅಕ್ಷರ ಮರೆತಿಲ್ಲ ತಾನೆ? ಒತ್ತಕ್ಷರ ಬಂದ ಕಡೆ ನಿಧಾನವಾಗಿ ಓದು, ಅವಸರವೇನಿಲ್ಲ.

ಪೊಲೀಸ್ ಕೆಲಸಕ್ಕೆ ಸೇರುತ್ತೇನೆ ಎಂದು ನೀನು ಹೇಳಿದ ದಿನ ನಿಮ್ಮಪ್ಪ ತಟ್ಟೆ ಬಿಟ್ಟು ಎದ್ದರಲ್ಲ, ಅಲ್ಲಿಂದ ಈಚೆಗೆ ನಿನ್ನ ಸುದ್ದಿ ಎತ್ತಿದರೆ ಎದ್ದು ಹೋಗುತ್ತಾರೆ. ನಿನ್ನ ಫೋನು ಬಂದರೆ ಕಸದ ಡಬ್ಬ ಹೊರಗಿಡಲು ಹೋಗುತ್ತಾರೆ, ಆದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಕೆಲವು ಪೊಲೀಸರು ಪ್ಯಾಂಟಿನೊಳಗೆ ಕಾಲಿಗೆ ಇನ್ನೊಂದು ಪುಟ್ಟ ರಿವಾಲ್ವರ್ ಕಟ್ಟಿಕೊಂಡಿರುತ್ತಾರೆ, ನಾನೂ ಒಂದು ತಗೋಬೇಕು ಎಂದು ನೀನು ಹೇಳಿದ್ದೂ ಹಾಗೆಯೇ ಅವರ ಕಿವಿಗೆ ಬಿದ್ದಿದೆ.

ನಿನ್ನೆ ಬೆಳಿಗ್ಗೆ ‘ಬಾ, ಹೊರಗೆ ಹೋಗಿ ಬರಾಣ’ ಅಂದರು. ಗ್ರೋಸರಿಗೆ ಇರಬೇಕೆಂದು ನಾನು ಬಟ್ಟೆ ಚೀಲ ಹಿಡಿದು ಹೊರಟೆ. ಕಾರು ಮಿಲ್ಪಿಟಾಸ್ ದಾಟಿತು, ಫ್ರೀವೇ ಇಳಿದು ಲಾಸ್ ಗ್ಯಾಟೋಸ್ ಕಡೆಯ ಗುಡ್ಡ ಹತ್ತಿತು. ನಿಂತದ್ದು ಎಲ್ಲಿ ಅಂತೀಯ? ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ! ಇಳಿಯುವುದಿಲ್ಲ ಎಂದು ಕೂತುಬಿಟ್ಟೆ. ಆಗ ಬಾಯಿಬಿಟ್ಟರು. ‘ಹೋದ್ ವಾರ ಒಬ್ನೇ ಬಂದಿದ್ದೆ ಕಣೇ. ಒಂಟಿಯಾಗಿ ಬಂದೋರ್ಗೆ ಬಾಡಿಗೆ ಬಂದೂಕು ಕೊಡಲ್ವಂತೆ. ಏನಾರ ಮಾಡ್ಕೊಂಡ್‌ಬಿಟ್ಟಾರು ಅಂತ ಭಯ. ಜೊತೆಗೆ ಯಾರ್ನಾರ ಕರ್ಕೊಂಡ್ ಬನ್ನಿ ಅಂದ್ರು.’ ಆ ಶನಿವಾರ ಆಫೀಸಿನ ಮೀಟಿಂಗು ಎಂದು ನನಗೆ ಹೇಳಿ ಹೋಗಿದ್ದರು! ನಗಬೇಕೋ ಅಳಬೇಕೋ ತಿಳಿಯದೆ ಇಳಿದೆ.

ಅಲ್ಲಿ ಕಲಿಸುವವಳು ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಸಿ, ನಿಮ್ಮಪ್ಪ ಕೇಳಿದ್ದ ಪುಟ್ಟ ರಿವಾಲ್ವರನ್ನೇ ತಂದಿಟ್ಟಳು. ‘ಇದೇನೇ ಜಲಜಾ, ಸೌಟಿನಷ್ಟೂ ಭಾರ ಇಲ್ವಲ್ಲ!’ ಅಂದರು. ಅವಳಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತೇನೋ. ಹಗುರ ಎಂದು ಸಸಾರ ಮಾಡಬೇಡಿ, ಭಾರದ ಬಂದೂಕಾದರೆ ಪೆಟ್ಟನ್ನು ತಾನೇ ಅರ್ಧ ನುಂಗಿಕೊಳ್ಳುತ್ತದೆ, ಇದು ಅಷ್ಟನ್ನೂ ಕೈಗೇ ಕೊಡುತ್ತದೆ ಎಂದು ಎಚ್ಚರಿಸಿದಳು.

ಮೊದಲ ಗುಂಡಿಗೇ ನಿಮ್ಮಪ್ಪನ ಎರಡು ಕೈಯೂ ತಲೆಯ ಮಟ್ಟಕ್ಕೆ ಹಾರಿದವು. ಎದುರಿಗೆ ಗುರಿಗೆಂದು ನಿಲ್ಲಿಸಿದ್ದ ಕಾಗದ ಹೇಗಿತ್ತೋ ಹಾಗೇ ನಿಂತಿತ್ತು. ನಾನು ಸಾಕು ಅಂದರೂ ಕೇಳಲಿಲ್ಲ; ಹಲ್ಲು ಕಚ್ಚಿ ಅದರಲ್ಲಿದ್ದ ಐದೂ ಗುಂಡು ಹೊಡೆದು, ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಹೆಬ್ಬೆರಳ ಸಂದಿಯ ಚರ್ಮ ಸುಲಿದು ಕೆಂಪಾಗಿತ್ತು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಅವಳನ್ನು ಕೇಳಿದರು: ಒಂದು ಸಲ ಮುರಿದು ಕೂಡಿಕೊಂಡ ಮಣಿಕಟ್ಟು ಇದನ್ನು ತಡೆದೀತೇ? ಯಾರ ಮಣಿಕಟ್ಟು ಎಂದಳು ಅವಳು. ‘ನನ್ನ ಮಗಳದು. ಮೂರನೇ ಕ್ಲಾಸಿನಲ್ಲಿ ಜೋಕಾಲಿಯಿಂದ ಬಿದ್ದಿದ್ದಳು. ಈಗ ಪೊಲೀಸ್ ಅಕಾಡೆಮಿಯಲ್ಲಿದ್ದಾಳೆ.’

ಶಿವಾನಿ, ಊರಿನಿಂದ ನಿನ್ನ ಅಜ್ಜಿ ಕೇಳಿದಾಗಲೂ ‘ಏನೋ ಟ್ರೈನಿಂಗು’ ಎಂದು ತೇಲಿಸಿದ್ದ ಮನುಷ್ಯ. ಗುರುತು ಪರಿಚಯವಿಲ್ಲದವಳ ಮುಂದೆ ಹಾಗೆ ಹೇಳಿದ್ದು ಕೇಳಿ ನನಗೆ ಕಿವಿಯ ಮುಚ್ಚಳ ತೆಗೆದು ಇನ್ನೊಮ್ಮೆ ಕೇಳಿಸಿಕೊಳ್ಳೋಣ ಅನ್ನಿಸಿತು. ಅವಳು ನಿಮ್ಮಪ್ಪನ ಕೈ ಕುಲುಕಿದಳು. ಮೂಳೆ ಚೆನ್ನಾಗಿ ಕೂಡಿದ್ದರೆ ಭಯವಿಲ್ಲ, ಅಭ್ಯಾಸದಿಂದ ಬಲ ಬರುತ್ತದೆ, ಬೇಕಾದರೆ ಇದಕ್ಕಿಂತ ಸ್ವಲ್ಪ ಭಾರದ್ದನ್ನು ತೆಗೆದುಕೊಳ್ಳಲಿ ಎಂದಳು. ಅಷ್ಟನ್ನೇ ಇವರು ಮತ್ತೆ ಮತ್ತೆ ಹೇಳಿಸಿದರು.

ನಾನೂ ಒಂದು ಹೊಡೆದೆ ಕಣೇ! ಕಣ್ಣು ಮುಚ್ಚಿಕೊಂಡೇ ಹೊಡೆದದ್ದು, ಯಾರಿಗೂ ಹೇಳಬೇಡ. ಕಾಗದದ ಮೂಲೆಯಲ್ಲಿ ತೂತು ಬಿತ್ತು. ನಿಮ್ಮಪ್ಪನ ಐದಕ್ಕಿಂತ ವಾಸಿಯೇ.

ಬರುವಾಗ ಗುಡ್ಡ ಇಳಿದು ಫ್ರೀವೇ ಸೇರಿದೆವು. ಆಮೇಲೆ ‘ಅವ್ಳಿಗೆ ಹೆದ್ರಿಕೆ ಆಗಕಿಲ್ವೇನೇ?’ ಅಂದರು. ಆಗುತ್ತೆ, ನಿಮ್ಮ ಹತ್ತಿರ ಹೇಳಲ್ಲ ಅಷ್ಟೆ ಅಂದೆ. ರಸ್ತೆಯ ಕಡೆಗೇ ನೋಡುತ್ತಾ, ‘ನಂಗೂ ಆಯ್ತದೆ ಅಂತ ಬರಿ’ ಅಂದರು. ಬರೆದಿದ್ದೇನೆ. ಮನೆಗೆ ಬಂದು ಕೈಗೆ ಬೆಣ್ಣೆ ಹಚ್ಚಿದೆ. ಮಗುವಿನ ಹಾಗೆ ಹಚ್ಚಿಸಿಕೊಂಡರು.

ಹೊಟ್ಟೆ ತುಂಬ ತಿನ್ನು. ಮೊಣಕಾಲಿಗೆ ಐಸು ಇಡು. ನಿನ್ನ ಜೊತೆಯಲ್ಲಿ ಕಲಿಯುವ ಮಕ್ಕಳೆಲ್ಲ ಸುಖವಾಗಿ ಅವರವರ ಮನೆ ಸೇರಲಿ, ನೀನೂ.

ನಿನ್ನ ಅಮ್ಮ,
ಜಲಜಾ

ವಿ.ಸೂ.: ಲಕೋಟೆ ಅಂಟಿಸುವಾಗ ನಿಮ್ಮಪ್ಪ ಬಂದು ಪಕ್ಕದಲ್ಲಿ ನಿಂತರು. ಅಕಾಡೆಮಿ ಮುಗಿಯುವ ದಿನ ಮನೆಯವರೊಬ್ಬರು ಹೊಸ ಪೊಲೀಸರ ಎದೆಗೆ ಬ್ಯಾಡ್ಜು ಚುಚ್ಚುವ ಪದ್ಧತಿ ಇದೆಯಂತೆ, ಎಲ್ಲೋ ಓದಿದ್ದಾರೆ. ನೀನು ಬೇರೆ ಯಾರಿಗಾದರೂ ಹೇಳಿದ್ದರೆ ಬೇಸರವಿಲ್ಲವಂತೆ. ಹೇಳಿಲ್ಲದಿದ್ದರೆ ತಾವು ಬರಬಹುದಾ ಅಂತ ಕೇಳುತ್ತಿದ್ದಾರೆ. ನೀವೇ ಬರೀರಿ ಎಂದು ಪೆನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ, ಹೋಗಲೂ ಇಲ್ಲ. ಮುಂದಿನ ಸಲ ಫೋನು ಮಾಡಿದಾಗ ನನ್ನ ಹತ್ತಿರ ಮಾತು ಬೆಳೆಸಬೇಡ. ಅಪ್ಪನಿಗೆ ಕೊಡಮ್ಮಾ ಅನ್ನು, ಸಾಕು.