ತೊಳೆಯದ ಕೈಯ ಮತ

ಹೊಸಕ್ಯಾಂಪು, ತುಂಗಭದ್ರಾ ಎಡದಂಡೆ
ನಡುಮಾಸದ ಮೂವತ್ತನೆಯ ದಿನ, ೨೧೯೧

ಶಾಲೆಯ ಬಿಸಿಯೂಟದಲ್ಲಿ ಏನಿರಬೇಕೆಂದು ತೀರ್ಮಾನಿಸಲು ಕೂತಿರುವ ಹಿರಿಯರಿಗೆ ದೇವಕ್ಕನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವೆಂದಾದ ಮೇಲೆ ಏಪ್ರಿಲ್ಲಿಗೂ ಮೇ ತಿಂಗಳಿಗೂ ನಡುವೆ ನಾವು ಇನ್ನೊಂದು ತಿಂಗಳನ್ನು ತುರುಕಿದ್ದೇವೆ, ಅದೇ ನಡುಮಾಸ. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ಹಸಿವು ಎಂಬ ಮಾತಿಗೆ ಮಾತ್ರ ಈಗಲೂ ಅದೇ ಅರ್ಥ.

ನಮ್ಮಲ್ಲಿ ಬಿಸಿಲು ಏರುವ ಮೊದಲೇ ಶಾಲೆ ಮುಗಿಯುತ್ತದೆ. ಕೊನೆಯ ಪಾಠಕ್ಕೆ ಮುಂಚೆ ಊಟ. ಅಂಗಳದ ಬಿಸಿಲೊಲೆಯಲ್ಲಿ, ಅಂದರೆ ಎಳೆಬಿಸಿಲನ್ನೇ ಕನ್ನಡಿಗಳಲ್ಲಿ ಕೂಡಿಸಿ ಕಾಯುವ ಒಲೆಯಲ್ಲಿ, ಜೋಳದ ನುಚ್ಚು, ಬೇಳೆಸಾರು, ಒಂದು ಪಲ್ಯ ಬೇಯುತ್ತವೆ. ಊಟವನ್ನು ಗೊತ್ತುಮಾಡುವುದು ಊರಿನ ತಟ್ಟೆಸಭೆ. ನಾನೂ ಅದರ ಸದಸ್ಯೆ. ನಿಮ್ಮ ಹಾಗೆಯೇ ನಾವೂ ಮೊಟ್ಟೆಯ ವಿಷಯಕ್ಕೆ ಗಂಟಲು ಹರಿಯುವಷ್ಟು ಜಗಳಾಡಿದವರು. ಒಬ್ಬರಿಗೆ ಮೊಟ್ಟೆ ಬೇಕು, ಒಬ್ಬರಿಗೆ ಅದರ ಹೆಸರೂ ಆಗದು, ರಾಜಧಾನಿಯವರಿಗೆ ಯಾವ ಗಲಾಟೆಯೂ ಬೇಡ. ಕೊನೆಗೆ ಅಧ್ಯಕ್ಷ ಶರಭಣ್ಣ ಹಸಿರುಬಿಲ್ಲೆ ತಂದ. ಪಾಚಿಯನ್ನು ಒಣಗಿಸಿ ಒತ್ತಿದ ಬಿಲ್ಲೆ ಅದು. ಮೊಟ್ಟೆಯಲ್ಲಿರುವ ಸತ್ವವೆಲ್ಲ ಅದರಲ್ಲಿದೆ, ಯಾರ ಮಡಿಗೂ ಭಂಗವಿಲ್ಲ ಎಂದ. ಎಲ್ಲರೂ ಕೈ ಎತ್ತಿದರು. ನಾನೊಬ್ಬಳು ಎತ್ತಲಿಲ್ಲ, ಹಟಮಾರಿ ಅನ್ನಿಸಿಕೊಂಡೆ. ತಟ್ಟೆಯಿಂದ ಮೊಟ್ಟೆ ಹೋಗಿ ಬಿಲ್ಲೆ ಬಂತು.

ತಟ್ಟೆ ಖಾಲಿಯಾದರೆ ಊಟ ಸರಿಯಿದೆ ಎಂಬುದು ನಮ್ಮ ಕಾನೂನು. ಬಿಲ್ಲೆ ಬಂದ ಮೇಲೆ ತಟ್ಟೆಗಳು ತೊಳೆದಿಟ್ಟ ಹಾಗೆ ಖಾಲಿಯಾಗತೊಡಗಿದವು. ಶರಭಣ್ಣನಿಗೆ ಸನ್ಮಾನದ ಮೇಲೆ ಸನ್ಮಾನ. ಇತ್ತ ನಾನು ಮೂರನೇ ಇಯತ್ತೆಯ ನನ್ನ ಮೊಮ್ಮಗಳು ಹುಲಿಗಿಯ ಲಂಗದ ಲಾಡಿಯನ್ನು ಬಿಗಿ ಮಾಡುತ್ತಲೇ ಹೋದೆ. ಆಟಕ್ಕೆ ಕರೆದರೆ ಗೋಡೆಗೊರಗಿ ಕೂರುತ್ತಿದ್ದಳು. ನನಗೆ ಭಯವಾಯಿತು, ಅದನ್ನು ಮುಚ್ಚಿಡುವುದೇಕೆ? ಊರಲ್ಲಿ ಮೈ ತುಂಬಿಕೊಂಡವು ಶಾಲೆಯ ಕಾಗೆಗಳು ಮಾತ್ರ. ಹಾರಲು ಬೇಜಾರಾಗಿ ಅಂಗಳದಲ್ಲಿ ನಡೆದಾಡುವಷ್ಟು ದುಂಡಗಾಗಿದ್ದವು. ನಾವು ಬುದ್ಧಿವಂತರು, ಅವುಗಳನ್ನು ನೋಡಿ ನಕ್ಕು ಸುಮ್ಮನಾಗಿದ್ದೆವು.

ಶಾಲೆಯ ಹಬ್ಬದ ದಿನ ಸಭೆಯವರಿಗೆ ಮೇಜು, ಉಪ್ಪಿನಕಾಯಿ, ಬೇರೆ ಪಾತ್ರೆಯ ಅಡುಗೆ ಎಂಬುದು ಹಿಂದಿನಿಂದ ಬಂದ ಪದ್ಧತಿ. ಆ ವರ್ಷ ನಾನು ರಂಪ ಮಾಡಿ ಎಲ್ಲರನ್ನೂ ಮಕ್ಕಳ ಸಾಲಿನಲ್ಲಿ ನೆಲಕ್ಕೆ ಕೂರಿಸಿದೆ. ಶರಭಣ್ಣ ಬಿಲ್ಲೆಯನ್ನು ಕಚ್ಚಿದ, ಅಗಿದ, ಅತ್ತಿತ್ತ ನೋಡಿದ. ಆಮೇಲೆ ಮೆಲ್ಲಗೆ ಕೈಯನ್ನು ಬೆನ್ನ ಹಿಂದೆ ಚಾಚಿದ. ಅಲ್ಲಿ ಕಾಗೆ ಆಗಲೇ ಬಾಯಿ ತೆರೆದು ನಿಂತಿತ್ತು.

ಪಕ್ಕದಲ್ಲಿ ಕೂತ ಹುಲಿಗಿ ಖುಷಿಯಿಂದ ಕೂಗಿದಳು: "ಅಜ್ಜಾರ, ನಿಮಗೂ ಗೊತ್ತೈತೇನ್ರಿ? ನಾವೂ ದಿನಾ ಹಿಂಗ ಕಾಗಿಗೆ ಹಾಕ್ತೀವ್ರಿ!"

ಇಡೀ ಸಾಲು ಶರಭಣ್ಣನ ಬೆನ್ನ ಹಿಂದೆ ಇಣುಕಿತು. ಶರಭಣ್ಣ ದೊಡ್ಡ ಮನುಷ್ಯ, ಅದನ್ನು ಒಪ್ಪಲೇಬೇಕು. ತನ್ನ ಕೈಯನ್ನೇ ನೋಡಿಕೊಂಡು, "ನನ್ನ ಗಂಟಲದಾಗ ಇಳೀಲಾರದ್ದು ಈ ಕೂಸಿನ ಗಂಟಲದಾಗ ಹ್ಯಾಂಗ ಇಳದೀತು? ಬರ್ರಿ, ಈಗಿಂದೀಗ ಸಭೆ ಮಾಡೋಣು," ಎಂದ. ಕೈ ತೊಳೆಯಲು ಎದ್ದವರನ್ನೂ ಬಿಡಲಿಲ್ಲ. ಸಾರು ಒಣಗುತ್ತಿದ್ದ ಕೈಗಳೇ ಮೇಲೆದ್ದವು, ಮೊಟ್ಟೆ ತಟ್ಟೆಗೆ ಮರಳಿತು. ಒಲ್ಲದವರಿಗೆ ಶೇಂಗಾದುಂಡೆ, ಆದರೆ ಸಾಲು ಒಂದೇ. ಅಂದಿನಿಂದ ನಮ್ಮಲ್ಲಿ ಮಕ್ಕಳ ಜೊತೆ ಉಂಡು, ತೊಳೆಯದ ಕೈಯಿಂದಲೇ ಮತ ಹಾಕಬೇಕು. ಜಗಳ ನಿಂತಿಲ್ಲ, ನಿಲ್ಲುವುದೂ ಬೇಡ. ಹೊಟ್ಟೆ ತುಂಬಿದ ಮೇಲಿನ ಜಗಳ ಚೆನ್ನಾಗಿಯೇ ಇರುತ್ತದೆ. ಹುಲಿಗಿ ಈಗ ನನ್ನ ಹೆಗಲೆತ್ತರ ಬಂದಿದ್ದಾಳೆ, ಕಾಗೆಗಳು ಮತ್ತೆ ಹಾರುತ್ತಿವೆ. ನಾನು ಸುಖವಾಗಿದ್ದೇನೆ.

ಒಂದೇ ಒಂದು ಬೇಡಿಕೆ. ನಿಮ್ಮ ಕಾಲದ ಯಾವುದೋ ಶಾಲೆಯ ಸಾಲಿನ ಕೊನೆಯಲ್ಲಿ ನನ್ನ ವಂಶದ ಹುಡುಗಿಯೊಬ್ಬಳು ತಟ್ಟೆ ಹಿಡಿದು ಕೂತಿದ್ದಾಳೆ. ಅವಳ ಹೆಸರು ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿರಲಿಕ್ಕಿಲ್ಲ. ಅವಳ ಊಟದ ಬಗ್ಗೆ ಕೈ ಎತ್ತುವ ಮೊದಲು ಆ ಕೈಯನ್ನೊಮ್ಮೆ ಮೂಸಿ ನೋಡಿ. ಅವಳ ತಟ್ಟೆಯ ಸಾರಿನ ವಾಸನೆ ಬರದಿದ್ದರೆ, ದಯವಿಟ್ಟು ಇಳಿಸಿಬಿಡಿ.