ಅಳುವುದಕ್ಕೊಂದು ಅಲಾರಂ

ಜೂನ್ ೧೧, ಬುಧವಾರ

ನಿನ್ನೆಯ ಔಷಧಿ ಒಳಗೆ ಹೋಯಿತೋ ಇಲ್ಲವೋ, ಅದೇ ಕೊರೆಯುತ್ತಿದೆ. ಬೆಳಿಗ್ಗೆ ಎಡಮೂಗಿಗೆ ಸ್ಪ್ರೇ, ಸಂಜೆ ಎಂಟಕ್ಕೆ ಬಲಮೂಗಿಗೆ. ಮಗು ಬೇಕೆಂದರೆ ಮೊದಲು ಮುಟ್ಟು ನಿಲ್ಲಬೇಕಂತೆ, ಗರ್ಭಕೋಶದ ಸುತ್ತ ಕಟ್ಟಿರುವ ಗಂಟುಗಳು ಕರಗಬೇಕಂತೆ. ಎಂಥ ಲೆಕ್ಕವೋ! ನಿನ್ನೆ ಸರಿಯಾಗಿ ಏಳೂಮುಕ್ಕಾಲಿಗೆ ತಂಗಿ ಫೋನ್ ಮಾಡಿ, "ಅಕ್ಕಾ, ನಂಗೀಗ ಮೂರು ತಿಂಗ್ಳು. ಬೇಜಾರ್ ಮಾಡ್ಕೋಬೇಡ" ಎಂದಳು. "ಅಯ್ಯೋ ಹುಚ್ಚಿ" ಎಂದು ನಕ್ಕೆ. ಫೋನಿಟ್ಟವಳೇ ಅತ್ತುಬಿಟ್ಟೆ. ಎಂಟಕ್ಕೆ ಹಾಕಿಕೊಂಡ ಔಷಧಿಯೆಲ್ಲ ಸೋರಿ ತುಟಿಗಿಳಿಯಿತು.

ಇವತ್ತು ನರ್ಸಮ್ಮನನ್ನು ಕೇಳಿದೆ. "ನಿನ್ನೇದು ಹೋಗ್ಲಿ ಬಿಡಿ. ಅಳೋದಿದ್ರೆ ಅರ್ಧ ಗಂಟೆ ಮುಂಚೇನೇ ಅತ್ತು ಮುಗಿಸ್ಕೊಳ್ಳಿ" ಎಂದರು. ತಮಾಷೆಗೆ ಅಂದದ್ದು. ನಮ್ಮನೆಯವರು ಅದನ್ನೇ ನಿಜವೆಂದು ಹಿಡಿದು ನನ್ನ ಫೋನಿನಲ್ಲಿ ಏಳೂವರೆಗೆ ಅಲಾರಂ ಇಟ್ಟುಕೊಟ್ಟರು.

ಸಂಜೆ ಅದು ಹೊಡೆಯಿತು. ನನಗೆ ಒಂದು ಹನಿಯೂ ಬರಲಿಲ್ಲ. ಮುಖವನ್ನಾದರೂ ತೊಳೆಯೋಣವೆಂದು ಬಚ್ಚಲುಮನೆಗೆ ಹೋದರೆ ಒಳಗಿನಿಂದ ಚಿಲಕ ಹಾಕಿತ್ತು. ನಲ್ಲಿ ಜೋರಾಗಿ ಸುರಿಯುತ್ತಿತ್ತು. ಆ ಸದ್ದಿನ ನಡುವೆ ಇವರು ಬಿಕ್ಕುತ್ತಿದ್ದರು. ನಾನು ಬಾಗಿಲು ತಟ್ಟಲಿಲ್ಲ.

ಎಂಟಕ್ಕೆ ಹೊರಬಂದು, "ಟೈಮಾಯ್ತು ಕಣೇ" ಎಂದು ಬಾಟಲಿಯನ್ನು ಕೈಗಿಟ್ಟರು. ಅವರ ಮೂಗು ಕೆಂಪಾಗಿತ್ತು. ನನ್ನದು ಒಣಗಿತ್ತು. ಇವತ್ತು ಔಷಧಿ ಪೂರ್ತಿ ಒಳಗೆ ಹೋಯಿತು.